ಹೆದರಿಕೆ ನಿಧಾನ, ಗಾಬರಿ ಜೋರು: ಗಿಟಾರ್ ಎದೆ ನಡುಗಿಸುವುದು ಹೇಗೆ

ರಾಕ್ ಹಾಡಿನಲ್ಲಿ ಭಯ ಹುಟ್ಟುವುದು ಹೇಗೆ ಎಂದು ಗಿಟಾರ್ ಕಲಿತ ಯಾರನ್ನಾದರೂ ಕೇಳಿ, ಸಾಮಾನ್ಯವಾಗಿ ಒಂದೇ ಉತ್ತರ ಬರುತ್ತದೆ. ಮೈನರ್ ಸ್ಕೇಲ್ ಹಿಡಿ, ಅದಕ್ಕೆ ಆ "ಸೈತಾನನ ಸ್ವರ" ಸೇರಿಸು, ಡಿಸ್ಟಾರ್ಷನ್, ಅಂದರೆ ಸದ್ದನ್ನು ಒರಟಾಗಿಸುವುದು, ಜಾಸ್ತಿ ಮಾಡು, ಮುಗೀತು. ಇದು ಪೂರ್ತಿ ಸುಳ್ಳಲ್ಲ. ಆದರೆ ಇಷ್ಟನ್ನೇ ನಂಬಿಕೊಂಡು ಬಾರಿಸಲು ಕೂತರೆ ಕೇಳುವವರಿಗೆ ಭಯವಾಗುವುದಿಲ್ಲ, ಪಕ್ಕದ ಮನೆಯವರಿಗೆ ಕಿರಿಕಿರಿಯಾಗುತ್ತದೆ ಅಷ್ಟೇ.

ಸ್ವರಕ್ಕಿಂತ ಮೊದಲು ದೇಹದ ಕಡೆ ನೋಡೋಣ. ಹೆದರಿಕೆ ಬೇರೆ, ಗಾಬರಿ ಬೇರೆ. ಹೆದರಿದವನು ಕಾಯುತ್ತಾನೆ. ಉಸಿರು ಬಿಗಿಹಿಡಿದು, ಕಿವಿ ಕೊಟ್ಟು, ಮುಂದೇನಾಗುತ್ತದೋ ಎಂದು ನಿಂತಲ್ಲೇ ನಿಂತಿರುತ್ತಾನೆ. ಗಾಬರಿಬಿದ್ದವನಿಗೆ ಕಾಯುವ ಪುರುಸೊತ್ತಿಲ್ಲ. ಎದೆ ಆಗಲೇ ಓಡುತ್ತಿದೆ, ಉಸಿರು ಮೇಲೆ ಮೇಲೆ ಬರುತ್ತಿದೆ, ಕೈಬೆರಳು ಜುಮ್ಮೆನ್ನುತ್ತಿದೆ, ಇನ್ನೇನು ಪ್ರಾಣ ಹೋಗುತ್ತದೆ ಎನಿಸುತ್ತಿದೆ, ಹೊರಗೆ ನೋಡಿದರೆ ಏನೂ ಆಗಿಲ್ಲ. ಒಂದರಲ್ಲಿ ಕಾಲ ನಿಂತುಹೋಗಿದೆ, ಇನ್ನೊಂದರಲ್ಲಿ ಕಾಲ ಕೈಗೇ ಸಿಗುತ್ತಿಲ್ಲ. ಒಳ್ಳೆಯ ಗಿಟಾರಿಸ್ಟ್‌ಗಳು ಆಟವಾಡುವುದು ಇಲ್ಲಿಯೇ. ಯಾವ ಸ್ವರ ಎನ್ನುವುದು ಅವರಿಗೆ ಎರಡನೆಯ ಪ್ರಶ್ನೆ. ಎಷ್ಟು ಕಾಯಿಸಬೇಕು, ಎಲ್ಲಿ ತುಂಡು ಮಾಡಬೇಕು, ಉಸಿರಾಡಲು ಜಾಗ ಕೊಡಬೇಕೋ ಬೇಡವೋ, ಇದು ಮೊದಲನೆಯದು.

ಹೆದರಿಕೆಗೆ ಬ್ಲ್ಯಾಕ್ ಸಬ್ಬಾತ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ಕು ಹುಡುಗರ ತಂಡ. ತಂಡದ ಹೆಸರು, ಮೊದಲ ಆಲ್ಬಂನ ಹೆಸರು, ಅದರ ಮೊದಲ ಹಾಡಿನ ಹೆಸರು, ಮೂರೂ ಒಂದೇ. ಇಡೀ ಆಲ್ಬಂ ಒಂದೇ ದಿನದಲ್ಲಿ ರೆಕಾರ್ಡ್ ಆಗಿ 1970ರ ಫೆಬ್ರವರಿ 13ರಂದು ಬಿಡುಗಡೆಯಾಯಿತು. ಅಂದು ಶುಕ್ರವಾರ. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಅಮಾವಾಸ್ಯೆ ಬೇಡ ಎನ್ನುವ ಹಾಗೆ ಅಲ್ಲಿ 13ನೇ ತಾರೀಕಿನ ಶುಕ್ರವಾರ ಬೇಡ ಎನ್ನುತ್ತಾರೆ, ರೆಕಾರ್ಡ್ ಕಂಪನಿಯವರು ಆ ದಿನವನ್ನೇ ಆರಿಸಿಕೊಂಡರು. ಬಾಸ್ ನುಡಿಸುತ್ತಿದ್ದ ಗೀಜರ್ ಬಟ್ಲರ್‌ಗೆ ಒಂದು ರಾತ್ರಿ ಎಚ್ಚರವಾದಾಗ ಮಂಚದ ಕಾಲಬುಡದಲ್ಲಿ ಕಪ್ಪು ಆಕೃತಿಯೊಂದು ನಿಂತು ತನ್ನನ್ನೇ ನೋಡುತ್ತಿರುವಂತೆ ಕಂಡಿತಂತೆ. ಆ ಕಥೆಯಿಂದಲೇ ಹಾಡು ಹುಟ್ಟಿತು.

ಹಾಡು ಶುರುವಾಗುವುದು ಮಳೆಯ ಸದ್ದಿನಿಂದ. ದೂರದಲ್ಲಿ ಚರ್ಚಿನ ಗಂಟೆ, ಗುಡುಗು. ಆಮೇಲೆ ಟೋನಿ ಅಯೋಮಿಯ ಗಿಟಾರ್ ಒಮ್ಮೆಲೇ ಬಂದು ಬೀಳುತ್ತದೆ. ರಿಫ್‌ನಲ್ಲಿ, ಅಂದರೆ ತಿರುತಿರುಗಿ ಬರುವ ಗಿಟಾರ್ ಸಾಲಿನಲ್ಲಿ, ಇರುವುದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲು ಷಡ್ಜ. ನಂತರ ಒಂದು ಸ್ಥಾಯಿ ಮೇಲಿನ ಷಡ್ಜ. ಅಲ್ಲಿಂದ ಕೆಳಗಿಳಿದು ಪ್ರತಿ ಮಧ್ಯಮ, ಪಂಚಮಕ್ಕೆ ಒಂದೇ ಹೆಜ್ಜೆ ಕೆಳಗಿನ ಮ. ಅಷ್ಟೇ. ಎಲ್ಲಾ ಬಹಳ ನಿಧಾನ, ಒಂದೊಂದು ಸ್ವರವೂ ತಾನಾಗಿ ಕರಗುವಷ್ಟು ಹೊತ್ತು ನಿಲ್ಲುತ್ತದೆ.

ಮೂರನೆಯ ಸ್ವರವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ಕೇಳಿ. ಅಯೋಮಿ ಅದನ್ನು ಸುಮ್ಮನೆ ಹಿಡಿದು ನಿಲ್ಲುವುದಿಲ್ಲ, ಪಕ್ಕದ ಫ್ರೆಟ್‌ಗೆ (ಗಿಟಾರಿನ ಮೇಲಿನ ಮುಂದಿನ ಸ್ವರದ ಮನೆಗೆ) ಬೆರಳು ಬಡಿದು ಬಡಿದು ನಡುಗಿಸುತ್ತಾರೆ. ಪಕ್ಕದ ಫ್ರೆಟ್‌ನಲ್ಲಿ ಇರುವುದು ಪಂಚಮ. ಅಂದರೆ ಕಿವಿ ಯಾವ ಸ್ವರಕ್ಕಾಗಿ ಹಾತೊರೆಯುತ್ತಿದೆಯೋ, ಯಾವುದು ಬಂದರೆ "ಅಬ್ಬಾ" ಎಂದು ಕೂರಬಹುದೋ, ಆ ಪಂಚಮವನ್ನು ಮುಟ್ಟಿ ಮುಟ್ಟಿ ವಾಪಸ್ ಬರುತ್ತಾರೆ, ಅಲ್ಲಿ ನಿಲ್ಲುವುದೇ ಇಲ್ಲ. ನಿಲ್ಲದೇ ರಿಫ್ ಮತ್ತೆ ಮೊದಲಿಂದ ಶುರು. ನಿಮಿಷಗಟ್ಟಲೆ ಇದೇ. ಓಝಿ ಆಸ್ಬರ್ನ್ ಹಾಡುವಾಗ ತಂಡ ಪೂರ್ತಿ ದನಿ ತಗ್ಗಿಸುತ್ತದೆ, ಇನ್ನೇನು ಸುಧಾರಿಸಿಕೊಂಡೆವು ಎನ್ನುವಷ್ಟರಲ್ಲಿ ಅದೇ ಮೂರು ಸ್ವರ ಪೂರ್ತಿ ಜೋರಿನಲ್ಲಿ ತಿರುಗಿ ಬರುತ್ತವೆ.

ಈ ಷಡ್ಜ ಮತ್ತು ಪ್ರತಿ ಮಧ್ಯಮದ ನಡುವಿನ ದೂರಕ್ಕೇ ಪಶ್ಚಿಮದ ಸಂಗೀತದಲ್ಲಿ ಟ್ರೈಟೋನ್ ಎಂಬ ಹೆಸರು. ಮಧ್ಯಯುಗದಲ್ಲಿ ಚರ್ಚ್ ಇದನ್ನು ನಿಷೇಧಿಸಿತ್ತು, ನುಡಿಸಿದವರಿಗೆ ಶಿಕ್ಷೆಯಾಗುತ್ತಿತ್ತು ಎಂಬ ಕಥೆ ಎಲ್ಲಾ ಕಡೆ ಓಡಾಡುತ್ತದೆ. ಕೇಳಲು ಮಜವಾಗಿದೆ, ಆದರೆ ಅಂಥ ನಿಷೇಧಕ್ಕೆ ದಾಖಲೆ ಇಲ್ಲ. ಹಾಡಲು ಕಷ್ಟ, ಕಿವಿಗೆ ಒರಟು, ಆದ್ದರಿಂದ ತಪ್ಪಿಸಿ ಎಂದು ಪಾಠ ಹೇಳುವವರು ಹೇಳುತ್ತಿದ್ದರು. "ಸಂಗೀತದೊಳಗಿನ ಸೈತಾನ" ಎಂಬ ಮಾತು ಬರಹಗಳಲ್ಲಿ ಕಾಣಿಸುವುದು 1700ರ ಆಸುಪಾಸಿನಲ್ಲಿ, ಅಷ್ಟು ಹೊತ್ತಿಗೆ ಮಧ್ಯಯುಗ ಮುಗಿದು ಎಷ್ಟೋ ಕಾಲವಾಗಿತ್ತು.

ಇನ್ನೊಂದು ವಿಷಯ ಇದೆ, ಇದನ್ನು ಕರ್ನಾಟಕ ಸಂಗೀತ ಕೇಳಿ ಬೆಳೆದವರು ಬೇಗ ಹಿಡಿಯುತ್ತಾರೆ. ಅದೇ ಪ್ರತಿ ಮಧ್ಯಮ ಕಲ್ಯಾಣಿ ರಾಗದಲ್ಲೂ ಇದೆ. ಕೆಳಗೆ ತಂಬೂರಿಯಲ್ಲಿ ಷಡ್ಜ ನಿಂತೇ ಇರುತ್ತದೆ, ಮೇಲೆ ಅದೇ ಟ್ರೈಟೋನ್ ಬರುತ್ತದೆ, ಕಲ್ಯಾಣಿ ಕೇಳಿ ಯಾರೂ ಹೆದರಿ ಓಡಿದ್ದಿಲ್ಲ. 72 ಮೇಳಕರ್ತ (ಮೂಲ) ರಾಗಗಳಲ್ಲಿ ಸರಿಯಾಗಿ ಅರ್ಧ, ಅಂದರೆ 36, ಪ್ರತಿ ಮಧ್ಯಮದವೇ. ಇನ್ನೂ ತಮಾಷೆ ಎಂದರೆ ಮೆಟಲ್ (ಭಾರವಾದ ಸದ್ದಿನ ರಾಕ್) ಬ್ಯಾಂಡ್‌ಗಳು ಭಯಕ್ಕೆ ಬಳಸುವ ಇನ್ನೊಂದು ಆಯುಧ, ಷಡ್ಜಕ್ಕೆ ಅಂಟಿಕೊಂಡೇ ಇರುವ ಶುದ್ಧ ರಿಷಭ. ಷಡ್ಜ ಬಾರಿಸಿ ಪಕ್ಕದ ಫ್ರೆಟ್‌ಗೆ ಹೋಗಿ ಬಂದರೆ ಸಾಕು, ಕತ್ತಲೆ ಕವಿದ ಹಾಗಾಗುತ್ತದೆ. ನಮ್ಮ ಮಕ್ಕಳು ಸಂಗೀತ ಕಲಿಯಲು ಕೂತ ಮೊದಲ ದಿನ ಹಾಡುವ ಸರಳೆ ವರಸೆ ಮಾಯಾಮಾಳವಗೌಳದಲ್ಲಿದೆ, ಅದರ ಮೊದಲ ಹೆಜ್ಜೆಯೇ ಷಡ್ಜದಿಂದ ಶುದ್ಧ ರಿಷಭಕ್ಕೆ. ಪುರಂದರದಾಸರು ಮಕ್ಕಳನ್ನು ಹೆದರಿಸಲು ಈ ಪಾಠ ಕಟ್ಟಿದ್ದಂತೂ ಅಲ್ಲ, ಅಲ್ವಾ.

ಕಲ್ಯಾಣಿಯಲ್ಲಿ ಪ್ರತಿ ಮಧ್ಯಮಕ್ಕೆ ಅಕ್ಕಪಕ್ಕ ಅಂತರ ಗಾಂಧಾರ, ಪಂಚಮ ಇವೆ, ಗಮಕದಲ್ಲಿ ಓಲಾಡಿಕೊಂಡು ಹೋಗಿ ಮನೆ ಸೇರುತ್ತದೆ. ಸಬ್ಬಾತ್ ಹಾಡಿನಲ್ಲಿ ಅಕ್ಕಪಕ್ಕದ ಸ್ವರಗಳನ್ನೆಲ್ಲ ಕಿತ್ತುಹಾಕಿ, ಒಂದೇ ಸ್ವರವನ್ನು ಒಂಟಿಯಾಗಿ ನಿಲ್ಲಿಸಿ, ಮನೆ ದಾರಿ ಮುಚ್ಚಿದ್ದಾರೆ. ಭಯ ಬಂದಿರುವುದು ಹಾಗೆ.

ಈಗ ಡಿಸ್ಟಾರ್ಷನ್ ವಿಷಯ. ಆಂಪ್‌ಗೆ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆಗೆ) ಅದು ತಾಳುವುದಕ್ಕಿಂತ ಹೆಚ್ಚು ಸದ್ದು ತುಂಬಿದರೆ ಧ್ವನಿಯ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ, ತಂತಿಯಲ್ಲಿ ಇಲ್ಲದೇ ಇದ್ದ ಹೊಸ ಹೊಸ ಸ್ವರಾಂಶಗಳು ಸೇರಿಕೊಳ್ಳುತ್ತವೆ. ಎರಡು ಸ್ವರ ಒಟ್ಟಿಗೆ ಬಾರಿಸಿದರೆ ಅವೆರಡರ ವ್ಯತ್ಯಾಸದಿಂದ ಇನ್ನೊಂದು ಸ್ವರವೂ ಹುಟ್ಟುತ್ತದೆ. ಷಡ್ಜ ಪಂಚಮ ಬಾರಿಸಿದರೆ ಅವುಗಳ ಅನುಪಾತ 2:3, ಹುಟ್ಟುವ ಮೂರನೆಯ ಸ್ವರ ಒಂದು ಸ್ಥಾಯಿ ಕೆಳಗಿನ ಷಡ್ಜವೇ ಆಗಿರುತ್ತದೆ, ಆದ್ದರಿಂದ ಸದ್ದು ದಪ್ಪವಾಗುತ್ತದೆ, ಕೆಡುವುದಿಲ್ಲ. ಗಿಟಾರಿಸ್ಟ್‌ಗಳು ಪವರ್ ಕಾರ್ಡ್ ಎನ್ನುವುದು ಇದನ್ನೇ (ಕಾರ್ಡ್ ಎಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು). ತಂಬೂರಿಯ ಸ್ವರಗಳೇ, ಸ ಪ ಸ. ಗಾಂಧಾರ ಇಲ್ಲದ್ದರಿಂದ ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ. ಅದೇ ಡಿಸ್ಟಾರ್ಷನ್‌ನಲ್ಲಿ ಟ್ರೈಟೋನ್ ಬಾರಿಸಿ, ಸ್ವರಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವೆ, ಸದ್ದು ಗರಗರ ಎನ್ನುತ್ತದೆ.

ಈ ಗರಗರಕ್ಕೂ ಹೆದರಿಕೆಗೂ ನೇರ ಸಂಬಂಧವಿದೆ. ಮನುಷ್ಯರ ಚೀರಾಟದ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚೀರಿದಾಗ ಧ್ವನಿಯ ಜೋರು ಸೆಕೆಂಡಿಗೆ 30ರಿಂದ 150 ಸಲದ ವೇಗದಲ್ಲಿ ಏರಿಳಿಯುತ್ತದೆ, ಮಾಮೂಲಿ ಮಾತಿನಲ್ಲಿ ಅಷ್ಟು ವೇಗದ ಏರಿಳಿತ ಇರುವುದಿಲ್ಲ, ಮತ್ತು ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಾಲಾ ಎಂಬ ಭಾಗ ಈ ಒರಟುತನಕ್ಕೆ ಹೆಚ್ಚು ಸ್ಪಂದಿಸುತ್ತದೆ ಎಂದು ಅದು ತೋರಿಸಿತು. ಡಿಸ್ಟಾರ್ಷನ್ ಹಾಕಿದ ಗಿಟಾರ್ ಇದೇ ಒರಟುತನವನ್ನು ತಂತಿಯಿಂದ ಹೊರಡಿಸುತ್ತದೆ.

ಅಯೋಮಿಯ ಕೈ ಬಗ್ಗೆ ಒಂದು ಮಾತು ಹೇಳಲೇಬೇಕು. ಎಡಗೈಯವರು, ಅಂದರೆ ಫ್ರೆಟ್ ಒತ್ತುವುದು ಬಲಗೈ. 17ನೇ ವಯಸ್ಸಿನಲ್ಲಿ ಲೋಹದ ಹಾಳೆಗಳ ಕಾರ್ಖಾನೆಯಲ್ಲಿ, ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ಗಟ್ಟಿ ತಂತಿ ಒತ್ತಲು ನೋವಾಗುತ್ತದೆಂದು ತೆಳು ತಂತಿ ಹಾಕಿದರು, 1971ರ ಮೂರನೇ ಆಲ್ಬಂ ಹೊತ್ತಿಗೆ ಕೆಲವು ಹಾಡುಗಳಿಗೆ ತಂತಿಗಳನ್ನು ಮೂರು ಫ್ರೆಟ್‌ನಷ್ಟು ಸಡಿಲ ಬಿಟ್ಟರು. ಸಡಿಲ ಬಿಟ್ಟರೆ ಶ್ರುತಿ ಇಳಿಯುತ್ತದೆ, ಸದ್ದು ಇನ್ನಷ್ಟು ಭಾರವಾಗುತ್ತದೆ. ಆಮೇಲೆ ಬಂದ ನೂರಾರು ಮೆಟಲ್ ಬ್ಯಾಂಡ್‌ಗಳು, ಹತ್ತೂ ಬೆರಳು ಸರಿಯಿದ್ದವರು, ಅದನ್ನೇ ನಕಲು ಮಾಡಿದರು.

ಮೆಟಾಲಿಕಾ ತಂಡದ "ಎಂಟರ್ ಸ್ಯಾಂಡ್‌ಮನ್" (1991) ಕೂಡ ಇದೇ ಜಾತಿ. ಮಲಗುವ ಮಗುವಿನ ಹೆದರಿಕೆಯ ಹಾಡು, ಕರ್ಕ್ ಹ್ಯಾಮೆಟ್‌ನ ರಿಫ್, ಅದರೊಳಗೂ ಅದೇ ಪ್ರತಿ ಮಧ್ಯಮ. ಮೊದಲು ಶುದ್ಧ (ಡಿಸ್ಟಾರ್ಷನ್ ಹಾಕದ) ಗಿಟಾರ್ ಒಂದೇ, ನಂತರ ಒಂದೊಂದಾಗಿ ವಾದ್ಯಗಳು ಪೇರಿಸಿಕೊಳ್ಳುತ್ತಾ ಬರುತ್ತವೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಲೂ ಇದನ್ನು ನುಡಿಸಿದ್ದರು. ನನ್ನ ಮಟ್ಟಿಗೆ ಆ ಹಾಡಿನಲ್ಲಿ ಹೆದರಿಕೆ ಇರುವುದು ಪೇರಿಸುವ ಆ ಮೊದಲ ನಿಮಿಷದಲ್ಲಿ ಮಾತ್ರ. ಆಮೇಲೆ ತಲೆಯಾಡಿಸುವ ಹಾಡಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಗಾಬರಿ. ಸಬ್ಬಾತ್‌ನ ಆ ಮೊದಲ ಹಾಡನ್ನು ಕೊನೆ ತನಕ ಕೇಳಿದವರಿಗೆ ಗೊತ್ತು, ಕೊನೆಯ ಭಾಗದಲ್ಲಿ ಅದು ಇದ್ದಕ್ಕಿದ್ದಂತೆ ನಾಗಾಲೋಟ ಹಿಡಿಯುತ್ತದೆ. ಇಷ್ಟು ಹೊತ್ತು ನಿಂತಿದ್ದವನು ಓಡಲು ಶುರುಮಾಡಿದ್ದಾನೆ. ಅದೇ ವರ್ಷ ಬಂದ "ಪ್ಯಾರನಾಯ್ಡ್" ಅಂತೂ ಮೊದಲಿಂದಲೇ ಓಟ, ಮೂರು ನಿಮಿಷದೊಳಗೆ ಖತಂ. ಆಲ್ಬಂನಲ್ಲಿ ಜಾಗ ತುಂಬಲು ಆತುರದಲ್ಲಿ ಮಾಡಿದ ಹಾಡು ಅದು, ಆ ಆತುರ ಹಾಡಿಗೆ ಒಳ್ಳೆಯದೇ ಮಾಡಿತು.

ಆದರೆ ಗಾಬರಿಯನ್ನು ಗಿಟಾರ್‌ನಲ್ಲಿ ಬರೆದವರಲ್ಲಿ ನನ್ನ ಮೊದಲ ಆಯ್ಕೆ ಗ್ರೀನ್ ಡೇ ತಂಡದ "ಬಾಸ್ಕೆಟ್ ಕೇಸ್". ಕ್ಯಾಲಿಫೋರ್ನಿಯಾದ ಮೂವರ ಪಂಕ್ ತಂಡ, 1994ರ "ಡೂಕಿ" ಆಲ್ಬಂ. ಬರೆದು ಹಾಡಿದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ಗೆ ಆಗಾಗ ಎದೆ ಹೊಡೆದುಕೊಂಡು ಗಾಬರಿ ಹತ್ತುತ್ತಿತ್ತು, ತನಗೆ ಹುಚ್ಚು ಹಿಡಿಯುತ್ತಿದೆ ಎಂದುಕೊಂಡಿದ್ದರು. ಅದು ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆ ಎಂದು ಗೊತ್ತಾಗಿದ್ದು ಆಮೇಲೆ. ಏನಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಲು ಹಾಡು ಬರೆದೆ ಎಂದು ಅವರೇ ಹೇಳಿದ್ದಾರೆ.

ಈ ಹಾಡಿಗೆ ಮುನ್ನುಡಿಯೇ ಇಲ್ಲ. ಪ್ಲೇ ಒತ್ತಿದ ಕ್ಷಣಕ್ಕೆ ಮಾತು ಶುರು, ಜೊತೆಗೆ ಒಂದೇ ಒಂದು ಗಿಟಾರ್. ಡ್ರಮ್ ಇಲ್ಲ, ಬಾಸ್ ಇಲ್ಲ. ಗಿಟಾರ್ ಕೂಡ ಬಾಯಿ ಮುಚ್ಚಿಸಿಕೊಂಡಿದೆ. ಪಾಮ್ ಮ್ಯೂಟ್ ಎನ್ನುತ್ತಾರೆ ಇದಕ್ಕೆ: ಪಿಕ್ ಹಿಡಿದ ಕೈಯ ಅಂಚನ್ನು, ಕಿರುಬೆರಳಿನ ಕೆಳಗಿನ ದಪ್ಪ ಭಾಗವನ್ನು, ತಂತಿ ಬ್ರಿಡ್ಜ್ (ಗಿಟಾರಿನ ಒಡಲಿನ ಮೇಲೆ ತಂತಿಗಳಿಗೆ ಆಧಾರವಾಗಿರುವ ಪಟ್ಟಿ) ಬಿಟ್ಟು ಹೊರಡುವ ಜಾಗದಲ್ಲಿ ಹಗುರವಾಗಿ ಒರಗಿಸಬೇಕು. ಸ್ವಲ್ಪ ಮುಂದೆ ಹೋದರೆ ಸ್ವರವೇ ಸತ್ತುಹೋಗುತ್ತದೆ, ಸ್ವಲ್ಪ ಹಿಂದೆ ಬಂದರೆ ಮ್ಯೂಟ್ ಆಗುವುದಿಲ್ಲ. ಸರಿಯಾದ ಜಾಗ ಸಿಕ್ಕಿದರೆ "ಜಂಗ್" ಎನ್ನಬೇಕಾದ ತಂತಿ "ಡಗ್ ಡಗ್ ಡಗ್" ಎನ್ನುತ್ತದೆ. ಎದೆಬಡಿತಕ್ಕೆ ಇಷ್ಟು ಹತ್ತಿರದ ಸದ್ದು ಗಿಟಾರ್‌ನಲ್ಲಿ ಇನ್ನೊಂದಿಲ್ಲ. ಹಾಡಿನ ವೇಗ ನಿಮಿಷಕ್ಕೆ ಸುಮಾರು 170 ಬಡಿತ, ಕೂತಲ್ಲೇ ಕೂತವನ ಎದೆ ಅಷ್ಟು ಹೊಡೆದುಕೊಂಡರೆ ಹೇಗಿರುತ್ತದೆ ಎಂದು ಯೋಚಿಸಿ. ಹೆಚ್ಚುಕಮ್ಮಿ ಅರ್ಧ ನಿಮಿಷ ಹೀಗೆ ಅದುಮಿ ಹಿಡಿದು, ಕೈ ಎತ್ತಿ ತಂತಿಗಳನ್ನು ಪೂರ್ತಿ ಬಿಡುತ್ತಾರೆ, ಟ್ರೇ ಕೂಲ್‌ನ ಡ್ರಮ್ ಮತ್ತು ಮೈಕ್ ಡರ್ಂಟ್‌ನ ಬಾಸ್ ಒಟ್ಟಿಗೆ ನುಗ್ಗುತ್ತವೆ. ಅಲ್ಲಿಂದ ಮುಂದೆ ಉಸಿರಾಡಲು ಬಿಡುವುದೇ ಇಲ್ಲ.

ಇದರಲ್ಲಿ ಒಂದು ವಿಚಿತ್ರ ಇದೆ. ಹಾಡು ಮೇಜರ್ ಕೀಯಲ್ಲಿದೆ, ಅಂದರೆ ಸಾಮಾನ್ಯವಾಗಿ ಸಂತೋಷಕ್ಕೆ ಬಳಸುವ ಸ್ವರಗಳಲ್ಲಿ. ಟ್ರೈಟೋನಿನ ಆಟ ಇಲ್ಲ, ಕತ್ತಲೆ ಇಲ್ಲ. ಪಲ್ಲವಿಗೆ ಮುಂಚಿನ ಕಾರ್ಡ್‌ಗಳ ಸಾಲನ್ನು ನಿಧಾನಕ್ಕೆ ಬಾರಿಸಿದರೆ ಪಾಖೆಲ್ಬೆಲ್‌ನ ಕ್ಯಾನನ್ ಕೇಳಿಸುತ್ತದೆ, ಅದೇ, ಪಶ್ಚಿಮದ ಮದುವೆಗಳಲ್ಲಿ ವಧು ನಡೆದು ಬರುವಾಗ ನುಡಿಸುವ, 300 ವರ್ಷಕ್ಕೂ ಹಳೆಯ ಸಂಗೀತ. ಗಾಬರಿಯ ಹಾಡಿಗೆ ಮದುವೆಯ ಕಾರ್ಡ್ ಯಾಕೆ? ನನಗೆ ಇದು ಸರಿಯಾದ ಆಯ್ಕೆ ಅನಿಸುತ್ತದೆ. ಪ್ಯಾನಿಕ್ ಬಂದಾಗ ಹೊರಗೆ ಎಲ್ಲಾ ಮಾಮೂಲಿಯೇ ಇರುತ್ತದೆ. ಬಿಸಿಲು ಇರುತ್ತದೆ, ಜನ ನಗುತ್ತಿರುತ್ತಾರೆ, ಹೋಟೆಲಿನಲ್ಲಿ ಪಕ್ಕದವರು ದೋಸೆ ತಿನ್ನುತ್ತಿರುತ್ತಾರೆ, ಕೆಟ್ಟಿರುವುದು ಒಳಗಿನ ವೇಗ ಮಾತ್ರ. ಕಾರ್ಡ್‌ಗಳು ನಗುತ್ತಿದ್ದು ಕೈ ಮಾತ್ರ ಹತೋಟಿ ಮೀರಿ ಓಡುತ್ತಿದ್ದರೆ ಆ ಸ್ಥಿತಿ ಸರಿಯಾಗಿ ಬರುತ್ತದೆ. ಅಲ್ಲಿ ಮೈನರ್ ಹಾಕಿದ್ದರೆ ಸುಳ್ಳಾಗುತ್ತಿತ್ತು.

ಪಿಂಕ್ ಫ್ಲಾಯ್ಡ್‌ನ "ರನ್ ಲೈಕ್ ಹೆಲ್" (1979, "ದಿ ವಾಲ್") ಇದನ್ನೇ ಯಂತ್ರದಿಂದ ಮಾಡುತ್ತದೆ. ಡೇವಿಡ್ ಗಿಲ್ಮೋರ್ ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ, ಕೈ ಅದುಮಿ, ಸಮವಾಗಿ ಬಾರಿಸುತ್ತಾರೆ. ಕಷ್ಟದ ಕೆಲಸವೇನೂ ಅಲ್ಲ. ಆದರೆ ಡಿಲೇ ಯಂತ್ರವನ್ನು, ಅಂದರೆ ಬಾರಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಸಾಧನವನ್ನು, ಸುಮಾರು 380 ಮಿಲಿಸೆಕೆಂಡ್‌ಗೆ ಇಟ್ಟಿರುತ್ತಾರೆ. ಆ ಹಾಡಿನಲ್ಲಿ ಒಂದು ತಾಳಕ್ಕೆ ಅರ್ಧ ಸೆಕೆಂಡ್ ಹಿಡಿಯುತ್ತದೆ, ಅದರ ಮುಕ್ಕಾಲು ಭಾಗ ಇದು. ಕೈ ಒಂದು ತಾಳಕ್ಕೆ ಎರಡು ಸಲ ಬಾರಿಸುತ್ತದೆ. ಪ್ರತಿ ಪೆಟ್ಟಿನ ಮಾರ್ದನಿ ಮುಂದಿನ ಪೆಟ್ಟನ್ನು ದಾಟಿಕೊಂಡು, ಅದರ ಮತ್ತು ಅದರ ಮುಂದಿನದರ ಸರಿಮಧ್ಯದ ಖಾಲಿ ಜಾಗದಲ್ಲಿ ಬಂದು ಬೀಳುತ್ತದೆ. ಕೈಗೆ ಎರಡು, ಕಿವಿಗೆ ನಾಲ್ಕು. ನಾಲ್ಕರಲ್ಲಿ ಎರಡು ನಿಮ್ಮ ಹೆಜ್ಜೆ, ಇನ್ನೆರಡು ನಿಮ್ಮ ಹಿಂದೆ ಬರುತ್ತಿರುವವನ ಹೆಜ್ಜೆ. ನೀವು ವೇಗ ಹೆಚ್ಚಿಸಲು ಹೋದರೆ ಡಿಲೇ ಹೊಂದಾಣಿಕೆ ತಪ್ಪುತ್ತದೆ, ಆದ್ದರಿಂದ ನುಡಿಸುವವನೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಮೇಲೆ ಕಾರ್ಡ್‌ಗಳು ಜಾಗ ಬದಲಿಸುತ್ತಿದ್ದರೂ ಕೆಳಗಿನ ಡಿ ಶ್ರುತಿಯ ಹಾಗೆ ಅಲ್ಲೇ ಇರುತ್ತದೆ, ಎಷ್ಟು ಓಡಿದರೂ ಜಾಗ ಬಿಟ್ಟು ಕದಲಿಲ್ಲ ಎನ್ನುವ ಕನಸುಗಳಿವೆಯಲ್ಲ, ಹಾಗೆ. ಹಾಡಿನಲ್ಲಿ ಏದುಸಿರು, ಓಡುವ ಕಾಲಿನ ಸದ್ದು ಎಲ್ಲಾ ಸೇರಿಸಿದ್ದಾರೆ. ಗಿಟಾರ್ ಆಗಲೇ ಹೇಳಿದ್ದನ್ನು ಅವು ಮತ್ತೆ ಹೇಳುತ್ತವೆ ಅಷ್ಟೇ, ಇಲ್ಲದಿದ್ದರೂ ನಡೆಯುತ್ತಿತ್ತು.

ಇನ್ನೆರಡು ಉಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ರೋಲಿಂಗ್ ಸ್ಟೋನ್ಸ್‌ನ "ಗಿಮ್ಮಿ ಶೆಲ್ಟರ್" (1969) ಶುರುವಿನಲ್ಲಿ ಕೀತ್ ರಿಚರ್ಡ್ಸ್‌ನ ಗಿಟಾರ್ ನಡುಗುತ್ತದೆ. ಬೆರಳು ನಡುಗುತ್ತಿಲ್ಲ, ಆಂಪ್‌ನಲ್ಲಿರುವ ಟ್ರೆಮೊಲೊ ಸದ್ದನ್ನು ಸೆಕೆಂಡಿಗೆ ಹಲವು ಸಲ ಏರಿಸಿ ಇಳಿಸುತ್ತಿದೆ. ಆ ಗಿಟಾರಿನ ನೆಕ್ ಕೊನೆಯ ಸ್ವರದ ಹೊತ್ತಿಗೆ ಕಳಚಿ ಬಿತ್ತು ಎಂದು ರಿಚರ್ಡ್ಸ್ ಹೇಳುತ್ತಾರೆ. ಇನ್ನೊಂದು ರೇಡಿಯೋಹೆಡ್‌ನ "ಕ್ರೀಪ್" (1992). ನಾಲ್ಕು ಮಂದಿಯ ನಡುವೆ ತಾನು ಇರಬಾರದಿತ್ತು ಎಂದು ಕುಗ್ಗುವವನ ಹಾಡು. ಪಲ್ಲವಿ ಬರುವ ಮುಂಚೆ ಜಾನಿ ಗ್ರೀನ್‌ವುಡ್ ಎಡಗೈಯಲ್ಲಿ ತಂತಿಗಳನ್ನು ಸಾಯಿಸಿ ಬಲಗೈಯಲ್ಲಿ ಜೋರಾಗಿ ಗೀರುತ್ತಾರೆ, "ಖಡಕ್, ಖಡಕ್" ಎಂದು. ಸ್ವರವೇ ಇಲ್ಲದ ಸದ್ದು. ಹಾಡು ತೀರಾ ಮೆತ್ತಗಿದೆ ಎಂದು ಅವರಿಗೆ ಸಿಟ್ಟಿತ್ತು, ಕೆಡಿಸಲೆಂದೇ ಹಾಗೆ ಬಾರಿಸಿದರು ಎಂದು ಜೊತೆಗಾರ ಎಡ್ ಓ'ಬ್ರಯನ್ ಹೇಳಿದ್ದಾರೆ. ಈಗ ಜನ ಕಾಯುವುದೇ ಆ ಗೀರಿಗೆ.

ಎರಡನ್ನೂ, ಅಂದರೆ ಹೆದರಿಕೆ ಮತ್ತು ಗಾಬರಿಯನ್ನು, ಒಂದೇ ಹಾಡಿನಲ್ಲಿ ಅಚ್ಚುಕಟ್ಟಾಗಿ ಇಟ್ಟವರು ಐರನ್ ಮೇಡನ್. ಸ್ಟೀವ್ ಹ್ಯಾರಿಸ್ ಬರೆದ "ಫಿಯರ್ ಆಫ್ ದ ಡಾರ್ಕ್" (1992) ಏಳು ನಿಮಿಷಕ್ಕೂ ಉದ್ದ. ಕತ್ತಲ ರಸ್ತೆಯಲ್ಲಿ ಒಬ್ಬನೇ ನಡೆಯುವವನು, ಹಿಂದೆ ಯಾರೋ ಇದ್ದಾರೆ ಎಂಬ ಅನುಮಾನ. ಶುದ್ಧ ಗಿಟಾರಿನಲ್ಲಿ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುತ್ತಾರೆ, ಬ್ರೂಸ್ ಡಿಕಿನ್ಸನ್ ಪಿಸುಮಾತಿನ ಹತ್ತಿರ ಹಾಡುತ್ತಾರೆ, ಅದು ನಡಿಗೆ. ನಂತರ ಒಮ್ಮೆಲೇ ಓಟ. 2007ರ ಮಾರ್ಚ್ 17ರಂದು ಇವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು, ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ, ಈ ಹಾಡೂ ಇತ್ತು. ಲೈವ್ ರೆಕಾರ್ಡಿಂಗ್ ಯಾವುದನ್ನೇ ಹಾಕಿ ಕೇಳಿ, ಜನ ಹಾಡುವುದು ಸಾಹಿತ್ಯವನ್ನಷ್ಟೇ ಅಲ್ಲ, ಗಿಟಾರಿನ ಸಾಲನ್ನೂ "ಓ ಓ ಓ" ಎಂದು ಗಂಟಲು ಬಿಟ್ಟು ಹಾಡುತ್ತಾರೆ. ಅಷ್ಟು ಸಾವಿರ ಜನ ಒಟ್ಟಿಗೆ ಹಾಡಿದರೆ ಯಾರಿಗೆ ತಾನೇ ಕತ್ತಲ ಭಯ? ಆದರೆ ಅದಕ್ಕೆ ಸಂಗೀತದ ಕಾರಣವೂ ಇದೆ. ಆ ಸಾಲು ನ್ಯಾಚುರಲ್ ಮೈನರ್‌ನಲ್ಲಿದೆ, ನಮ್ಮ ನಠಭೈರವಿಯ ಸ್ವರಗಳೇ, ಹೆಚ್ಚಾಗಿ ಪಕ್ಕಪಕ್ಕದ ಸ್ವರಗಳಲ್ಲೇ ಮೆಲ್ಲಗೆ ಹತ್ತಿ ಇಳಿಯುತ್ತದೆ, ಸಂಗೀತ ಬಾರದವನ ಗಂಟಲಿಗೂ ಸಿಗುತ್ತದೆ. ಸಬ್ಬಾತ್‌ನ ಆ ಮೂರು ಸ್ವರಗಳನ್ನು ಹೀಗೆ ಗುಂಪಿನಲ್ಲಿ ಹಾಡಿಸಲು ಹೋಗಿ ನೋಡಿ, ಎರಡನೆಯ ಷಡ್ಜಕ್ಕೆ ಹಾರುವಾಗಲೇ ಅರ್ಧ ಜನ ಕೈಬಿಡುತ್ತಾರೆ, ಉಳಿದವರು ಪ್ರತಿ ಮಧ್ಯಮ ಹುಡುಕಿಕೊಂಡು ಸುಮ್ನೆ ಪಂಚಮಕ್ಕೆ ಹೋಗಿ ಕೂರುತ್ತಾರೆ.